ಎಸ್‌ಎಸ್‌ಡಿ ಸವೆದು ಹಾಳಾಗೋದು ಅಪರೂಪ: ಮನೆ ಕಂಪ್ಯೂಟರಿಗೆ ಯಾವುದನ್ನು ನಂಬಿ ಕೊಳ್ಳಬಹುದು?

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರ ಮಾಡಿದ ಉಪನ್ಯಾಸದ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ಮುಂದೆ ಬಂದುಬಿಡಿ. ಸ್ಕ್ರೀನಿನ ಮೇಲೆ ಸಣ್ಣ ಅಕ್ಷರ ಓದುವ ಕೆಲಸ ಇದೆ.

ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಫೈಲುಗಳನ್ನು ಚಿಪ್ಪಿನಲ್ಲಿ ಇಡುವ ಡ್ರೈವ್. ಅದನ್ನು ಕೊಳ್ಳಲು ಹೊರಟವರು ಎರಡು ಪ್ರಶ್ನೆ ಕೇಳುತ್ತಾರೆ. ಎಷ್ಟು ಸ್ಪೀಡು? ಎಷ್ಟು ವರ್ಷ ಬಾಳಿಕೆ ಬರುತ್ತೆ? ಮೊದಲನೆಯದಕ್ಕೆ ಉತ್ತರ ಡಬ್ಬಿಯ ಮೇಲೇ ದಪ್ಪ ಅಕ್ಷರದಲ್ಲಿ ಇರುತ್ತದೆ. ಮನೆ ಕೆಲಸಕ್ಕೆ ಅದು ಅಷ್ಟೇನೂ ಮುಖ್ಯವಲ್ಲ. ಎರಡನೆಯದು ಒಳ್ಳೆಯ ಪ್ರಶ್ನೆ, ಆದರೆ ಅದರ ಹಿಂದಿರುವ ಹೆದರಿಕೆ ಸರಿಯಿಲ್ಲ. 'ಬರೆದು ಬರೆದು ಚಿಪ್ಪು ಸವೆದುಹೋಗುತ್ತಂತೆ' ಅನ್ನುವುದು ಆ ಹೆದರಿಕೆ. ಮನೆಗಳಲ್ಲಿ ಕೆಟ್ಟುಹೋಗುವ ಎಸ್‌ಎಸ್‌ಡಿಗಳಲ್ಲಿ ಹೆಚ್ಚಿನವು ಸವೆದು ಕೆಡುವುದಿಲ್ಲ. ನಿನ್ನೆ ರಾತ್ರಿ ಚೆನ್ನಾಗಿಯೇ ಇರುತ್ತದೆ. ಬೆಳಿಗ್ಗೆ ಆನ್ ಮಾಡಿದರೆ ಅಂಥದ್ದೊಂದು ಡ್ರೈವ್ ಇದೆ ಅನ್ನೋದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಹಳೇ ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಕಟಕಟ ಅಂತ ಸದ್ದಾದರೂ ಮಾಡುತ್ತಿತ್ತು. ಇದು ಅದೂ ಇಲ್ಲ.

ಹಾಗಾಗಿ ಇವತ್ತು ನನ್ನ ಮಾತು ಇಷ್ಟೇ: ದಿಢೀರನೆ ನಿಂತುಹೋಗುವುದಕ್ಕೆ ಹೆದರಿ ಡ್ರೈವ್ ಆರಿಸಿಕೊಳ್ಳಿ, ಸವೆತದ ಚಿಂತೆ ಬಿಡಿ. ಎರಡಕ್ಕೂ ನೋಡಬೇಕಾದ್ದು ಬೇರೆ ಬೇರೆ.

ಸವೆತದ ಲೆಕ್ಕ ಮೊದಲು ಮುಗಿಸಿಬಿಡೋಣ. ಯಾರಾದರೂ ಲ್ಯಾಪ್‌ಟಾಪ್ ತಂದಿದ್ದೀರಾ? ಮೇಷ್ಟ್ರು ತಂದಿದ್ದಾರೆ. ಕೊಡಿ ಸಾರ್, ನಿಮ್ಮ ಫೈಲು ಯಾವುದನ್ನೂ ತೆರೆಯೋಲ್ಲ.

ಇದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಡ್ರೈವಿನ ಆರೋಗ್ಯ ತೋರಿಸುವ, ಉಚಿತವಾಗಿ ಸಿಗುವ ಪುಟ್ಟ ತಂತ್ರಾಂಶ. ಲಿನಕ್ಸ್ ಬಳಸುವವರಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ಮೇಲ್ಗಡೆ ನೀಲಿ ಚೌಕದಲ್ಲಿ 'ಗುಡ್ 95%' ಎಂದಿದೆ, ಕಾಣ್ತಿದೆಯಾ? ಬಹಳ ಜನ ಇಷ್ಟು ನೋಡಿ ಮುಚ್ಚಿಬಿಡುತ್ತಾರೆ. ನಿಜವಾದ ಕಥೆ ಕೆಳಗಿನ ಸಾಲುಗಳಲ್ಲಿದೆ. ಒಂದು ವಿಷಯ: ಕೆಳಗಿನ ಪಟ್ಟಿಯ ಅಂಕಿಗಳು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ ಬರುತ್ತವೆ, ಅಂದರೆ ಅಂಕಿಗಳ ಮಧ್ಯೆ ಎ, ಬಿ, ಸಿ ಎಲ್ಲ ಸೇರಿರುತ್ತವೆ. ಗಾಬರಿಯಾಗಬೇಡಿ. 'ಫಂಕ್ಷನ್' ಮೆನುವಿನ ಒಳಗೆ 'ರಾ ವ್ಯಾಲ್ಯೂಸ್' ಅಂತ ಇದೆ. ಅಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿದರೆ ಮಾಮೂಲಿ ಸಂಖ್ಯೆ ಬರುತ್ತದೆ.

ಬಲಗಡೆ ಮೇಲೆ 'ಟೋಟಲ್ ಹೋಸ್ಟ್ ರೈಟ್ಸ್' ನೋಡಿ, ಇಲ್ಲಿಯವರೆಗೆ ಡ್ರೈವ್‌ಗೆ ಬರೆದದ್ದರ ಒಟ್ಟು ಲೆಕ್ಕ. 15 ಸಾವಿರ ಜಿಬಿ ಚಿಲ್ಲರೆ. ಅಂದರೆ 15 ಟಿಬಿ. ಯಾವಾಗ ತಗೊಂಡಿದ್ದು ಸಾರ್? ಮೂರು ವರ್ಷವಾಯ್ತಂತೆ. ದಿನಕ್ಕೆ ಸುಮಾರು 14 ಜಿಬಿ ಆಯಿತು. ಇದರಲ್ಲಿ ಮೇಷ್ಟ್ರು ತಾವಾಗಿ ಉಳಿಸಿದ್ದು ಸ್ವಲ್ಪವೇ. ಬ್ರೌಸರಿನ ತಾತ್ಕಾಲಿಕ ಫೈಲುಗಳು, ವಿಂಡೋಸ್ ತನ್ನಷ್ಟಕ್ಕೆ ಮಾಡಿಕೊಳ್ಳುವ ಅಪ್‌ಡೇಟು, ಇವೇ ಜಾಸ್ತಿ. ಇನ್ನು 500 ಜಿಬಿಯ ಒಳ್ಳೆಯ ಡ್ರೈವ್‌ಗೆ ಕಂಪನಿಗಳು ಸಾಮಾನ್ಯವಾಗಿ ಕೊಡುವ ಭರವಸೆ 300 ಟಿಬಿ. ಟಿಬಿಡಬ್ಲ್ಯೂ ಅಂತ ಬರೆದಿರುತ್ತಾರಲ್ಲ, ಅದು. ಇಷ್ಟು ಬರೆಯುವವರೆಗೆ ವಾರಂಟಿ ಇದೆ ಎಂದರ್ಥ. ಈಗಿನ ಗತಿಯಲ್ಲಿ ಮೇಷ್ಟ್ರು ಅದನ್ನು ಮುಟ್ಟೋಕೆ 60 ವರ್ಷ ಬೇಕು.

ಅದೂ ವಾರಂಟಿಯ ಗಡಿ ಮಾತ್ರ, ಡ್ರೈವಿನ ಆಯಸ್ಸಲ್ಲ. ಟೆಕ್ ರಿಪೋರ್ಟ್ ಅನ್ನುವ ಅಮೆರಿಕದ ತಾಣ 2013ರಲ್ಲಿ ಆರು ಡ್ರೈವ್‌ಗಳನ್ನು ಹಗಲೂ ರಾತ್ರಿ ಬರೆಸುತ್ತಾ ಕೂರಿಸಿತ್ತು. 250 ಜಿಬಿ ಆಸುಪಾಸಿನ ಮಾಮೂಲಿ ಡ್ರೈವ್‌ಗಳು ಅವು. 700 ಟಿಬಿ ದಾಟುವವರೆಗೆ ಒಂದೂ ಸಾಯಲಿಲ್ಲ. ಕೊನೆಯದು, ಸ್ಯಾಮ್‌ಸಂಗ್ 840 ಪ್ರೋ, 2,400 ಟಿಬಿವರೆಗೆ ಎಳೆಯಿತು. 2015ರಲ್ಲಿ ಪ್ರಯೋಗ ಮುಗಿಯಿತು. ಆರೇ ಡ್ರೈವ್ ನೋಡಿ ಇಡೀ ಮಾರುಕಟ್ಟೆಗೆ ತೀರ್ಪು ಕೊಡೋಕೆ ಆಗಲ್ಲ, ನಿಜ. ಆದರೂ ಸವೆತ ನಮ್ಮ ಮನೆಯ ಸಮಸ್ಯೆ ಅಲ್ಲ ಅನ್ನೋದಕ್ಕೆ ಇದು ಸಾಕು.

ಈಗ ಮೇಷ್ಟ್ರ ಸ್ಕ್ರೀನಿನ ಕೆಳಗಡೆ ಬನ್ನಿ. 'ಅನ್‌ಸೇಫ್ ಶಟ್‌ಡೌನ್ಸ್': 212. ಸರಿಯಾಗಿ ಶಟ್‌ಡೌನ್ ಆಗದೆ ಒಮ್ಮೆಲೇ ಕರೆಂಟು ತಪ್ಪಿದ ಸಂಖ್ಯೆ ಇದು. ಲ್ಯಾಪ್‌ಟಾಪಿನಲ್ಲಿ ಇಷ್ಟು ಬರಬಾರದು, ಬ್ಯಾಟರಿ ಇರುತ್ತಲ್ವಾ? ಬ್ಯಾಟರಿ ಹೋಗಿ ವರ್ಷವಾಯ್ತು, ಚಾರ್ಜರ್ ಚುಚ್ಚಿಕೊಂಡೇ ಓಡಿಸುತ್ತೇನೆ ಅಂತಿದ್ದಾರೆ. ನಮ್ಮ ಕಡೆ ಮನೆಮನೆಯಲ್ಲೂ ಇಂಥ ಲ್ಯಾಪ್‌ಟಾಪ್ ಒಂದಿರುತ್ತದೆ. ಸವೆಯೋಕೆ 60 ವರ್ಷ ಇರುವ ಡ್ರೈವ್‌ಗೆ ಅಪಾಯ ಇರುವುದು ಈ ಸಾಲಿನಲ್ಲಿ. ಯಾಕೆ ಅಂತ ನೋಡೋಣ.

ನನ್ನ ಕೈಯಲ್ಲಿರುವುದು ಸತ್ತುಹೋದ ಎರಡೂವರೆ ಇಂಚಿನ ಎಸ್‌ಎಸ್‌ಡಿ. ಮುಚ್ಚಳ ತೆಗೆದಿದ್ದೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಒಳಗೆ ಮುಕ್ಕಾಲು ಪಾಲು ಖಾಲಿ. ಒಂದು ಮೂಲೆಯಲ್ಲಿ ಸಣ್ಣ ಹಸಿರು ಬೋರ್ಡು. ಅದರ ಮೇಲೆ ದೊಡ್ಡದಾಗಿ, ಕಪ್ಪಗೆ ಇರುವ ಎರಡು ಚಿಪ್ಪು ಫ್ಲ್ಯಾಶ್ ಮೆಮೊರಿ, ನಮ್ಮ ಫೈಲುಗಳು ಕೂರುವ ಜಾಗ. ಫ್ಲ್ಯಾಶ್‌ಗೆ ಮೂಲಪುರುಷ ಜಪಾನಿನ ಫುಜಿಯೊ ಮಸುವೊಕ. ತೋಷಿಬಾದಲ್ಲಿದ್ದಾಗ 1980ರ ದಶಕದಲ್ಲಿ ರೂಪಿಸಿದ್ದು. ಪಕ್ಕದಲ್ಲಿ ಚೌಕವಾಗಿ ಇರುವುದು ಕಂಟ್ರೋಲರ್. ಯಾವ ಫೈಲು ಯಾವ ಕೋಶದಲ್ಲಿದೆ ಅನ್ನುವ ನಕ್ಷೆ ಇಟ್ಟುಕೊಳ್ಳುವುದು, ಎಲ್ಲ ಕೋಶಗಳೂ ಸಮನಾಗಿ ಸವೆಯುವಂತೆ ಹಂಚುವುದು, ತಪ್ಪಾಗಿ ಓದಿದ್ದನ್ನು ತಿದ್ದುವುದು, ಎಲ್ಲ ಇದರ ಕೆಲಸ. ಇದನ್ನು ನಡೆಸುವ ಪ್ರೋಗ್ರಾಮಿಗೆ ಫರ್ಮ್‌ವೇರ್ ಅನ್ನುತ್ತಾರೆ.

ನಕ್ಷೆ ಅಂದೆನಲ್ಲ, ಅದು ಓಡಾಟದಲ್ಲಿರುವಾಗ ಸದಾ ಬದಲಾಗುತ್ತಿರುತ್ತದೆ. ಅದನ್ನು ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧಂಬರ್ಧ ಆಗಬಹುದು. ಸಾಮಾನ್ಯವಾಗಿ ಫರ್ಮ್‌ವೇರ್ ಸುಧಾರಿಸಿಕೊಳ್ಳುತ್ತದೆ. ಯಾವತ್ತೋ ಒಂದು ದಿನ ಸುಧಾರಿಸಿಕೊಳ್ಳುವುದಿಲ್ಲ. ಆಗ ಫೈಲುಗಳು ಚಿಪ್ಪಿನಲ್ಲಿ ಹಾಗೇ ಇರುತ್ತವೆ, ಎಲ್ಲಿವೆ ಅನ್ನೋದು ಯಾರಿಗೂ ಗೊತ್ತಿರಲ್ಲ. ಸರ್ವರ್‌ಗಳಿಗೆ ಮಾಡುವ ಡ್ರೈವ್‌ಗಳಲ್ಲಿ ಇದಕ್ಕೇ ಅಂತ ಸಾಲಾಗಿ ಕೆಪಾಸಿಟರ್ ಕೂರಿಸಿರುತ್ತಾರೆ. ಕರೆಂಟು ಹೋದ ಮೇಲೂ ಕೆಲಸ ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಮನೆ ಡ್ರೈವ್‌ಗಳಲ್ಲಿ ಅದು ಬಹುತೇಕ ಇರುವುದಿಲ್ಲ.

ಡೆಸ್ಕ್‌ಟಾಪ್ ಇಟ್ಟುಕೊಂಡವರು ಯಾವ ಡ್ರೈವ್ ಕೊಳ್ಳಬೇಕು ಅಂತ ತಲೆ ಕೆಡಿಸಿಕೊಳ್ಳುವ ಮುಂಚೆ ಯುಪಿಎಸ್ ಸರಿ ಇದೆಯಾ ನೋಡಿ. ಮೇಷ್ಟ್ರೇ, ನೀವು ಹೊಸ ಎಸ್‌ಎಸ್‌ಡಿ ಕೊಳ್ಳಬೇಡಿ. ಬ್ಯಾಟರಿ ಹಾಕಿಸಿ.

ಇನ್ನು ಫರ್ಮ್‌ವೇರ್ ವಿಷಯ. ದೊಡ್ಡ ಕಂಪನಿ ತಗೊಂಡರೆ ಚಿಂತೆಯಿಲ್ಲ ಅನ್ನುತ್ತಾರಲ್ಲ, ಅವರಿಗೆ ಈ ಇತಿಹಾಸ ಹೇಳಬೇಕು. ಕ್ರೂಶಿಯಲ್‌ನ ಎಂ4 ಅಂತ ಒಂದು ಡ್ರೈವ್ ಇತ್ತು. ಒಟ್ಟು 5,184 ಗಂಟೆ ಓಡಿದ ಮೇಲೆ ಕಂಪ್ಯೂಟರ್ ಕುಸಿದುಬೀಳುತ್ತಿತ್ತು. ಮತ್ತೆ ಆನ್ ಮಾಡಿದರೆ ಗಂಟೆಗೊಮ್ಮೆ ಅದೇ ಕಥೆ. 2012ರ ಜನವರಿಯಲ್ಲಿ ಫರ್ಮ್‌ವೇರ್ ಬದಲಿಸಿ ಸರಿಪಡಿಸಿದರು. ಸ್ಯಾಮ್‌ಸಂಗ್‌ನ 840 ಇವೊದಲ್ಲಿ ಬೇರೆ ತರಹ. ಹೊಸ ಫೈಲು ಚಕಚಕ ಓದುತ್ತಿತ್ತು, ಕೆಲವು ವಾರ ಮುಟ್ಟದೇ ಬಿಟ್ಟ ಹಳೇ ಫೈಲು ಮಾತ್ರ ಆಮೆ ವೇಗ. 2014ರಲ್ಲಿ ಒಂದು ಪರಿಹಾರ ಕೊಟ್ಟರು, ಸಾಲಲಿಲ್ಲ, 2015ರಲ್ಲಿ ಮತ್ತೊಂದು ಕೊಟ್ಟರು. 2023ರ ಶುರುವಿನಲ್ಲಿ ಅದೇ ಕಂಪನಿಯ 980 ಪ್ರೋದ 2 ಟಿಬಿ ಡ್ರೈವ್‌ಗಳು ಓದೋಕೆ ಮಾತ್ರ, ಬರೆಯೋಕಿಲ್ಲ ಅನ್ನುವ ಸ್ಥಿತಿಗೆ ಹೋಗಿ ಕೂತವು. ಅದರ ಬೆನ್ನಿಗೇ 990 ಪ್ರೋದಲ್ಲಿ ಆರೋಗ್ಯದ ಶೇಕಡಾವಾರು ಸುಮ್ನೆ ಇಳಿಯತೊಡಗಿತು. ಎರಡಕ್ಕೂ ಫರ್ಮ್‌ವೇರ್ ಬಂತು. ಆದರೆ ಆಗಲೇ ಇಳಿದ ಅಂಕಿ ಮೇಲೆ ಬರಲಿಲ್ಲ.

ನನಗೆ ಬಹಳ ಇಷ್ಟವಾದ ಉದಾಹರಣೆ ಎಚ್‌ಪಿಇ ಕಂಪನಿಯದು. ಇಷ್ಟ ಅಂದರೆ ತಪ್ಪಾಗಿ ತಿಳಿಯಬೇಡಿ. 2019ರ ನವೆಂಬರಿನಲ್ಲಿ ಅವರು ತಮ್ಮ ಸರ್ವರ್ ಗ್ರಾಹಕರಿಗೆ ಒಂದು ಎಚ್ಚರಿಕೆ ಕಳಿಸಿದರು. ಕೆಲವು ಮಾದರಿಯ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸಾಯುತ್ತವೆ, ಒಳಗಿದ್ದದ್ದು ವಾಪಸ್ ಬರುವುದಿಲ್ಲ, ಬೇಗ ಫರ್ಮ್‌ವೇರ್ ಹಾಕಿಕೊಳ್ಳಿ ಎಂದು. 32,768 ಅಂದರೆ ಎರಡರ 15ನೇ ಘಾತ. ಹದಿನಾರು ಬಿಟ್‌ನ ಲೆಕ್ಕದಲ್ಲಿ 32,767 ದಾಟಿದ ತಕ್ಷಣ ಸಂಖ್ಯೆ ಋಣಾತ್ಮಕವಾಗಿಬಿಡುತ್ತದೆ, ಇಲ್ಲಿ ಹುಡುಗರು ತಲೆ ಆಡಿಸುತ್ತಿದ್ದೀರಿ. 3 ವರ್ಷ 270 ದಿನ 8 ಗಂಟೆ. ಇದರ ತಮಾಷೆ ನೋಡಿ: ಸರ್ವರ್‌ನಲ್ಲಿ ಒಂದು ಡ್ರೈವ್ ಹೋದರೆ ಇನ್ನೊಂದಿರಲಿ ಅಂತ ಜೋಡಿ ಹಾಕಿರುತ್ತಾರೆ. ಎರಡೂ ಒಂದೇ ದಿನ ಆನ್ ಆಗಿರುತ್ತವೆ. ಹಾಗಾಗಿ ಎರಡೂ ಒಂದೇ ಗಂಟೆಯಲ್ಲಿ ಹೋಗುತ್ತವೆ.

ಇದನ್ನೆಲ್ಲ ಹೇಳಿದ್ದು ಆ ಕಂಪನಿಗಳನ್ನು ಬಿಟ್ಟುಬಿಡಿ ಅನ್ನೋಕಲ್ಲ, ಉಲ್ಟಾ. ತಪ್ಪು ಎಲ್ಲರಲ್ಲೂ ಆಗುತ್ತದೆ. ಈ ತಪ್ಪುಗಳು ನಮಗೆ ಗೊತ್ತಾದದ್ದೇ ಆ ಕಂಪನಿಗಳ ಡ್ರೈವ್‌ಗಳನ್ನು ಲಕ್ಷಾಂತರ ಜನ ಬಳಸುತ್ತಿದ್ದರಿಂದ, ಮತ್ತು ಕಂಪನಿ ತಿದ್ದುಪಡಿ ಬಿಡುಗಡೆ ಮಾಡಿದ್ದರಿಂದ. ಹೆಸರೇ ಕೇಳಿರದ ಬ್ರ್ಯಾಂಡಿನಲ್ಲಿ ಇದೇ ದೋಷ ಇದ್ದರೆ ಅದನ್ನು ಕಂಡುಹಿಡಿಯುವವರೂ ಇಲ್ಲ, ಸರಿಮಾಡುವವರೂ ಇಲ್ಲ. ಆದ್ದರಿಂದ ನನ್ನ ಮೊದಲ ಅಳತೆಗೋಲು ಇದು: ಆ ಕಂಪನಿಯ ವೆಬ್‌ಸೈಟಿಗೆ ಹೋಗಿ. ನಾಲ್ಕೈದು ವರ್ಷದ ಹಿಂದಿನ ಡ್ರೈವ್‌ಗೆ ಫರ್ಮ್‌ವೇರ್ ಅಥವಾ ಅದನ್ನು ಹಾಕುವ ತಂತ್ರಾಂಶ ಇವತ್ತಿಗೂ ಸಿಗುತ್ತಾ? ಸಿಕ್ಕರೆ ಮುಂದೆ ಮಾತಾಡೋಣ. ಮಾರಿದ ಮೇಲೆ ಪುಟವನ್ನೇ ತೆಗೆದುಬಿಟ್ಟಿದ್ದಾರಾ? ನೂರಿನ್ನೂರು ರೂಪಾಯಿ ಉಳಿಯುತ್ತೆ ಅಂತ ಅದನ್ನು ತರಬೇಡಿ.

ಇಲ್ಲೊಬ್ಬರು ಕೇಳುತ್ತಿದ್ದಾರೆ: 'ಡಬ್ಬಿ ಮೇಲೆ 15 ಲಕ್ಷ ಗಂಟೆ ಎಂಟಿಬಿಎಫ್ ಅಂತ ಇದೆಯಲ್ಲ, ಅದನ್ನು ನಂಬಬಹುದಾ?'

15 ಲಕ್ಷ ಗಂಟೆ ಅಂದರೆ 171 ವರ್ಷ ಅಮ್ಮ. ಯಾರೂ ಅಷ್ಟು ವರ್ಷ ಓಡಿಸಿ ನೋಡಿಲ್ಲ. ಎಂಟಿಬಿಎಫ್ ಅಂದರೆ ಎರಡು ಕೆಡುವಿಕೆಗಳ ನಡುವಿನ ಸರಾಸರಿ ಕಾಲ, ಒಂದೇ ಡ್ರೈವಿನ ಆಯಸ್ಸಲ್ಲ. ಸಾವಿರ ಡ್ರೈವ್ ಒಟ್ಟಿಗೆ ಓಡಿದರೆ ವರ್ಷಕ್ಕೆ ಐದಾರು ಕೆಡಬಹುದು ಅನ್ನುವ ಲೆಕ್ಕವನ್ನು ತಿರುಗಿಸಿ ಬರೆದಿದ್ದಾರೆ. ವಾಸ್ತವದಲ್ಲಿ ಎಷ್ಟು ಅಂದರೆ, ಬ್ಯಾಕ್‌ಬ್ಲೇಜ್ ಅನ್ನುವ ಅಮೆರಿಕದ ಕ್ಲೌಡ್ ಕಂಪನಿ ತನ್ನ ಡೇಟಾ ಸೆಂಟರಿನ ಎಸ್‌ಎಸ್‌ಡಿಗಳ ಅಂಕಿಅಂಶ ಪ್ರಕಟಿಸಿದೆ. ವರ್ಷಕ್ಕೆ ನೂರಕ್ಕೆ ಒಂದರ ಆಸುಪಾಸು ಕೆಡುತ್ತವೆ. ಕಡಿಮೆಯೇ. ಆದರೆ ಆ ಒಂದು ನಿಮ್ಮದಾದರೆ ನಿಮಗೆ ನೂರಕ್ಕೆ ನೂರು.

ಈಗ ಚಿಪ್ಪಿನ ಜಾತಿ. ಎಸ್‌ಎಲ್‌ಸಿ, ಎಂಎಲ್‌ಸಿ, ಟಿಎಲ್‌ಸಿ, ಕ್ಯೂಎಲ್‌ಸಿ ಅಂತ ಓದಿರುತ್ತೀರಿ. ಒಂದು ಕೋಶದಲ್ಲಿ ಎಷ್ಟು ಬಿಟ್ ತುಂಬುತ್ತಾರೆ ಅನ್ನುವುದಷ್ಟೇ ವ್ಯತ್ಯಾಸ: ಒಂದು, ಎರಡು, ಮೂರು, ನಾಲ್ಕು. ಒಂದು ಕೊಡ ನೀರು ಇದೆ ಅಂದುಕೊಳ್ಳಿ. ತುಂಬಿದೆಯಾ ಖಾಲಿಯಾ ಅಂತ ದೂರದಿಂದಲೇ ಹೇಳಬಹುದು, ಅದು ಎಸ್‌ಎಲ್‌ಸಿ. ಅದೇ ಕೊಡದಲ್ಲಿ 16 ಗೆರೆ ಎಳೆದು ನೀರು ಯಾವ ಗೆರೆಗಿದೆ ಹೇಳು ಅಂದರೆ ಬಗ್ಗಿ ನೋಡಬೇಕು, ಸ್ವಲ್ಪ ಆವಿಯಾದರೂ ಲೆಕ್ಕ ತಪ್ಪುತ್ತದೆ. ಅದು ಕ್ಯೂಎಲ್‌ಸಿ. ಟಿಎಲ್‌ಸಿಯಲ್ಲಿ 8 ಗೆರೆ. ಗೆರೆ ಜಾಸ್ತಿಯಾದಷ್ಟೂ ಬರೆಯೋಕೆ ಹೊತ್ತು ಬೇಕು, ಬಾಳಿಕೆ ಕಡಿಮೆ. ಎಸ್‌ಎಲ್‌ಸಿ, ಎಂಎಲ್‌ಸಿ ಮನೆ ಮಾರುಕಟ್ಟೆಯಿಂದ ಹೆಚ್ಚುಕಡಿಮೆ ಮರೆಯಾಗಿವೆ. ಆಯ್ಕೆ ಇರುವುದು ಟಿಎಲ್‌ಸಿ, ಕ್ಯೂಎಲ್‌ಸಿ ನಡುವೆ.

ವಿಂಡೋಸ್ ಹಾಕುವ ಡ್ರೈವ್ ಟಿಎಲ್‌ಸಿಯೇ ಇರಲಿ. 1 ಟಿಬಿಯ ಟಿಎಲ್‌ಸಿಗೆ 600 ಟಿಬಿಡಬ್ಲ್ಯೂ ಮಾಮೂಲಿ, ಕ್ಯೂಎಲ್‌ಸಿಗೆ ಅದರ ಅರ್ಧಕ್ಕಿಂತ ಕಡಿಮೆ ಇರುವುದುಂಟು. ಸವೆತಕ್ಕೆ ಹೆದರಬೇಡಿ ಅಂದೆ, ಈಗ ಟಿಎಲ್‌ಸಿ ತಗೊಳ್ಳಿ ಅಂತೀನಿ, ಅಲ್ವಾ? ಕಾರಣ ಬೇರೆ. ಈ ಡ್ರೈವ್‌ಗಳು ಖಾಲಿ ಜಾಗದ ಒಂದು ಪಾಲನ್ನು ಎಸ್‌ಎಲ್‌ಸಿ ತರಹ ಬಳಸಿ ಮೊದಲು ಅಲ್ಲಿ ಬರೆದುಕೊಳ್ಳುತ್ತವೆ, ಆಮೇಲೆ ನಿಧಾನವಾಗಿ ಒಳಗೆ ಸರಿಸುತ್ತವೆ. ಮದುವೆಯ ವಿಡಿಯೋ ಇನ್ನೂರು ಜಿಬಿ ಒಟ್ಟಿಗೆ ಕಾಪಿ ಮಾಡಿದಾಗ ಆ ಜಾಗ ತುಂಬುತ್ತದೆ. ಆಗ ಅಗ್ಗದ ಕ್ಯೂಎಲ್‌ಸಿಯ ವೇಗ ಹಾರ್ಡ್ ಡಿಸ್ಕಿಗಿಂತ ಕೆಳಗೆ ಇಳಿಯಬಹುದು. ಡ್ರೈವ್ ಭರ್ತಿಯಾಗಿದ್ದರಂತೂ ಇನ್ನೂ ಬೇಗ. ಟಿಎಲ್‌ಸಿಯೂ ಇಳಿಯುತ್ತದೆ, ಇಷ್ಟು ಕೆಟ್ಟದಾಗಿ ಅಲ್ಲ. ಸಿನಿಮಾ, ಗೇಮ್ ತುಂಬಿಡೋಕೆ ಎರಡನೇ ಡ್ರೈವ್ ಬೇಕಾದರೆ ಕ್ಯೂಎಲ್‌ಸಿ ಸಾಕು. ಅದಕ್ಕೆ ನನ್ನ ತಕರಾರಿಲ್ಲ. ಯಾವುದೇ ಆದರೂ ಐದರಲ್ಲೊಂದು ಪಾಲು ಖಾಲಿ ಬಿಡಿ.

ಕೆಲವರು 'ಡಿರ್‍ಯಾಮ್ ಇಲ್ಲದ್ದು ಬೇಡ' ಅನ್ನುತ್ತಾರೆ. ಆಗ ಹೇಳಿದ ನಕ್ಷೆಯನ್ನು ಕೈಗೆಟುಕುವಂತೆ ಇಡೋಕೆ ಒಳ್ಳೆಯ ಡ್ರೈವ್‌ಗಳಲ್ಲಿ ಒಂದು ಸಣ್ಣ ಡಿರ್‍ಯಾಮ್ ಚಿಪ್ಪು ಇರುತ್ತದೆ. ಎನ್‌ವಿಎಂಇ, ಅಂದರೆ ಹೊಸ ಬಗೆಯ ವೇಗದ ಸಂಪರ್ಕ ಬಳಸುವ ಡ್ರೈವ್‌ನಲ್ಲಿ ಅದಿಲ್ಲದಿದ್ದರೂ ಕಂಪ್ಯೂಟರಿನ ರ್‍ಯಾಮ್‌ನಿಂದ ಒಂದಿಷ್ಟು ಎರವಲು ಪಡೆಯುವ ವ್ಯವಸ್ಥೆ ಇದೆ, ಮನೆಗೆ ನಡೆಯುತ್ತದೆ. ಹಳೇ ಕಂಪ್ಯೂಟರಿಗೆ ಸಾಟಾ ಡ್ರೈವ್, ಅಂದರೆ ಹಾರ್ಡ್ ಡಿಸ್ಕ್ ಬಳಸುವ ಅದೇ ಹಳೇ ಸಂಪರ್ಕದ ಡ್ರೈವ್, ಹಾಕುವವರಿಗೆ ಆ ಅನುಕೂಲ ಇಲ್ಲ. ಅವರು ಮಾತ್ರ ಡಿರ್‍ಯಾಮ್ ಇರುವುದನ್ನೇ ಹುಡುಕಿದರೆ ಒಳ್ಳೆಯದು.

ಇನ್ನು ನನಗೆ ಸಿಟ್ಟು ಬರಿಸುವ ಒಂದು ವಿಷಯ. ಡಬ್ಬಿ ಅದೇ, ಹೆಸರು ಅದೇ, ಒಳಗಿನ ಸಾಮಾನು ಬೇರೆ. ಮೊದಲು ಒಳ್ಳೆಯ ಚಿಪ್ಪು ಹಾಕಿ ವಿಮರ್ಶಕರಿಗೆ ಕಳಿಸುತ್ತಾರೆ. ಹೊಗಳಿಕೆ ಬರುತ್ತದೆ. ಕೆಲವು ತಿಂಗಳಾದ ಮೇಲೆ ಸದ್ದಿಲ್ಲದೆ ಅಗ್ಗದ್ದನ್ನು ಹಾಕುತ್ತಾರೆ. 2014ರಲ್ಲಿ ಕಿಂಗ್‌ಸ್ಟನ್ ವಿ300ದಲ್ಲಿ ಇದು ಸುದ್ದಿಯಾಯಿತು. 2021ರಲ್ಲಂತೂ ಸಾಲುಸಾಲು. ಕ್ರೂಶಿಯಲ್ ಪಿ2 ಟಿಎಲ್‌ಸಿಯಿಂದ ಕ್ಯೂಎಲ್‌ಸಿಗೆ ಇಳಿಯಿತು. ಎಡೇಟಾದ ಎಸ್‌ಎಕ್ಸ್8200 ಪ್ರೋದಲ್ಲಿ ಕಂಟ್ರೋಲರ್ರೇ ಬೇರೆಯಾಯಿತು. ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550ಯಲ್ಲಿ ಚಿಪ್ಪು ಬದಲಾಗಿ, ಆಗ ಹೇಳಿದ ಎಸ್‌ಎಲ್‌ಸಿ ತರಹದ ಜಾಗ ತುಂಬಿದ ಮೇಲಿನ ವೇಗ ಬಿದ್ದುಹೋಯಿತು. ಗಲಾಟೆಯಾದ ಮೇಲೆ, ಮುಂದೆ ಹೀಗೆ ಬದಲಿಸಿದರೆ ಮಾದರಿ ಸಂಖ್ಯೆಯನ್ನೂ ಬದಲಿಸುತ್ತೇವೆ ಅಂದರು. ಕಿಂಗ್‌ಸ್ಟನ್‌ನ ಎನ್‌ವಿ2 ಇನ್ನೊಂದು ಬಗೆ: ಒಳಗೆ ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಅಂತ ಮೊದಲಿಂದಲೂ ಮಾತು ಕೊಟ್ಟಿಲ್ಲ, ಎರಡೂ ಬಂದಿವೆ. ಮೋಸ ಅನ್ನೋಕಾಗಲ್ಲ. ಆದರೆ ಅದು ಲಾಟರಿ ಚೀಟಿ. ಬೆಲೆ ಕಡಿಮೆ ಇದ್ದು, ಎರಡನೇ ಡ್ರೈವ್ ಆಗಿ ಬೇಕಾದರೆ ತಗೊಳ್ಳಿ.

ಇದರಿಂದ ತಪ್ಪಿಸಿಕೊಳ್ಳೋಕೆ ಪೂರ್ತಿ ದಾರಿ ಇಲ್ಲ. ಒಂದು ಉಪಾಯ ಇದೆ. ಫ್ಲ್ಯಾಶ್ ಚಿಪ್ಪನ್ನು ನಿಜಕ್ಕೂ ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಜಪಾನಿನಲ್ಲಿ ಕಾರ್ಖಾನೆಗಳನ್ನು ಹಂಚಿಕೊಂಡಿರುವ ಕಿಯೋಕ್ಸಿಯಾ ಮತ್ತು ಸ್ಯಾನ್‌ಡಿಸ್ಕ್, ಅಮೆರಿಕದ ಮೈಕ್ರಾನ್, ಚೀನಾದ ವೈಎಂಟಿಸಿ. ಕಿಯೋಕ್ಸಿಯಾ ಅಂದರೆ ಹಿಂದಿನ ತೋಷಿಬಾದ ಮೆಮೊರಿ ವಿಭಾಗ. ಸ್ಯಾನ್‌ಡಿಸ್ಕ್ 2025ರಲ್ಲಿ ವೆಸ್ಟರ್ನ್ ಡಿಜಿಟಲ್‌ನಿಂದ ಬೇರೆಯಾಯಿತು, ಎಸ್‌ಎಸ್‌ಡಿ ವ್ಯವಹಾರ ಅದರ ಜೊತೆ ಹೋಯಿತು. ಉಳಿದ ಬ್ರ್ಯಾಂಡುಗಳೆಲ್ಲ ಇವರಿಂದ ಚಿಪ್ಪು, ಫೈಸನ್, ಸಿಲಿಕಾನ್ ಮೋಷನ್ ಥರದ ಕಂಪನಿಗಳಿಂದ ಕಂಟ್ರೋಲರ್ ತಂದು ಜೋಡಿಸುವವರು. ಜೋಡಿಸುವವರೆಲ್ಲ ಕೆಟ್ಟವರಲ್ಲ. ಆದರೆ ಆ ತಿಂಗಳು ಯಾವುದು ಅಗ್ಗವೋ ಅದನ್ನು ಕೊಳ್ಳುವ ಒತ್ತಡ ಅವರಿಗೆ ಜಾಸ್ತಿ. ಸ್ವಂತ ಚಿಪ್ಪು ಇರುವವರ ಮಧ್ಯಮ ದರದ ಟಿಎಲ್‌ಸಿ ಡ್ರೈವ್, ಐದು ವರ್ಷ ವಾರಂಟಿ. ನನ್ನನ್ನು ಕೇಳಿದರೆ ಮನೆಗೆ ಅದು ಸಾಕು. ಅತಿ ದುಬಾರಿಯದೂ ಬೇಡ, ಪಟ್ಟಿಯಲ್ಲಿ ಅತಿ ಅಗ್ಗದ್ದೂ ಬೇಡ.

'ಮೈಕ್ರಾನ್‌ನವರು ಕ್ರೂಶಿಯಲ್ ನಿಲ್ಲಿಸ್ತಾರಂತೆ?' ಹೌದು, ಕ್ರೂಶಿಯಲ್ ಅವರದೇ ಬ್ರ್ಯಾಂಡು. 2025ರ ಡಿಸೆಂಬರಿನಲ್ಲಿ ಹಾಗೆ ಘೋಷಿಸಿದರು. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಮಾರುವುದರಲ್ಲಿ ಲಾಭ ಜಾಸ್ತಿ. 2025ರ ಕೊನೆಯಿಂದ ರ್‍ಯಾಮ್, ಎಸ್‌ಎಸ್‌ಡಿ ಬೆಲೆ ಏರಿದ್ದಕ್ಕೂ ಅದೇ ಕಾರಣ. ಈಗಾಗಲೇ ಕೊಂಡವರಿಗೆ ವಾರಂಟಿ ಮುಂದುವರಿಯುತ್ತದೆ ಎಂದಿದ್ದಾರೆ. ಬಿಲ್ಲು ಜೋಪಾನ.

ಸ್ಪೀಡಿನ ಬಗ್ಗೆ ಎರಡೇ ಮಾತು. ಸಾಟಾ ಡ್ರೈವ್ ಸೆಕೆಂಡಿಗೆ 550 ಎಂಬಿ ಓದುತ್ತದೆ. ಎನ್‌ವಿಎಂಇಯಲ್ಲಿ ಮೂರನೇ ತಲೆಮಾರಿನದು 3,500, ನಾಲ್ಕನೆಯದು 7,000, ಐದನೆಯದು 10,000ಕ್ಕೂ ಮೇಲೆ. ಆದರೆ ಹಾರ್ಡ್ ಡಿಸ್ಕ್ ತೆಗೆದು ಯಾವ ಎಸ್‌ಎಸ್‌ಡಿ ಹಾಕಿದರೂ ಆಗುವ ಖುಷಿ ಈ ಅಂಕಿಯಿಂದ ಬರುವುದಿಲ್ಲ. ಒಂದು ಫೈಲನ್ನು ಹುಡುಕಿ ತಲುಪೋಕೆ ಹಾರ್ಡ್ ಡಿಸ್ಕಿಗೆ ಸೆಕೆಂಡಿನ ನೂರನೇ ಒಂದು ಭಾಗ ಬೇಕು, ಎಸ್‌ಎಸ್‌ಡಿಗೆ ಅದರ ನೂರನೇ ಒಂದು ಭಾಗ ಸಾಕು. ಖುಷಿ ಅಲ್ಲಿಂದ ಬರುತ್ತದೆ. ಐದನೇ ತಲೆಮಾರಿನ ಡ್ರೈವ್‌ಗಳು ಚೆನ್ನಾಗಿ ಬಿಸಿಯಾಗುತ್ತವೆ ಬೇರೆ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಸಿಕ್ಕಿಕೊಂಡಿರುವ ಡ್ರೈವ್ ತನ್ನನ್ನು ತಾನು ಉಳಿಸಿಕೊಳ್ಳೋಕೆ ವೇಗ ಇಳಿಸಿಕೊಳ್ಳುತ್ತದೆ. ಕೊಟ್ಟ ದುಡ್ಡು ದಂಡ.

ಕೊಳ್ಳುವ ಮುಂಚೆ ನಿಮ್ಮ ಕಂಪ್ಯೂಟರಿಗೆ ಯಾವುದು ಕೂರುತ್ತದೆ ನೋಡಿಕೊಳ್ಳಿ. ಚೂಯಿಂಗ್ ಗಮ್ ಪಟ್ಟಿಯ ಥರ ಇರುವುದೆಲ್ಲ ಎನ್‌ವಿಎಂಇ ಅಲ್ಲ. ಎಂ.2 ಅನ್ನೋದು ಆಕಾರದ ಹೆಸರು, ಒಳಗೆ ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. 2280 ಎಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಕೆಲವು ಲ್ಯಾಪ್‌ಟಾಪಿಗೆ 2242 ಅಥವಾ 2230 ಮಾತ್ರ ಹಿಡಿಸುತ್ತದೆ.

ಅಂಗಡಿ. ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋಗುತ್ತೀರಿ, ಬೇರೆಯವರು ಆನ್‌ಲೈನ್. ಎಲ್ಲಿ ಕೊಂಡರೂ ಜಿಎಸ್‌ಟಿ ಬಿಲ್ಲಿನ ಮೇಲೆ ಡ್ರೈವಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. 'ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ' ಅಂದರೆ ನೀವು ಕಳೆದುಕೊಳ್ಳುತ್ತಿರುವುದು ಐದು ವರ್ಷದ ವಾರಂಟಿ. ಆ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ಭಾರತದಲ್ಲಿ ವಾರಂಟಿ ಇದೆಯೋ ಇಲ್ಲವೋ ತಿಳಿಯುತ್ತದೆ. ಹೊರದೇಶದಿಂದ ತಂದು ಮಾರಿದ್ದಾದರೆ ಇಲ್ಲಿ ಯಾರೂ ತಿರುಗಿ ನೋಡದಿರಬಹುದು. ಡಬ್ಬಿ ಇಲ್ಲದೆ, ಪ್ಲಾಸ್ಟಿಕ್ ಚೀಲದಲ್ಲಿ ಕೊಡುವ 'ಓಇಎಂ ಪೀಸ್' ಇರುತ್ತವೆ, ಲ್ಯಾಪ್‌ಟಾಪಿನಿಂದ ಬಿಚ್ಚಿದ್ದು. ಡ್ರೈವ್ ಒಳ್ಳೆಯದೇ ಇರಬಹುದು. ಆದರೆ ಅದಕ್ಕೆ ನೇರ ವಾರಂಟಿ ಇಲ್ಲ, ಫರ್ಮ್‌ವೇರ್ ಸಿಗೋದೂ ಕಷ್ಟ. ನನ್ನ ಮೊದಲ ಅಳತೆಗೋಲಿಗೇ ಅದು ಫೇಲು.

ತಂದ ಕೂಡಲೇ ಆಗ ತೋರಿಸಿದ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆಯಿರಿ. ಹೊಸ ಡ್ರೈವ್‌ನಲ್ಲಿ ಓಡಿದ ಗಂಟೆ ಸೊನ್ನೆಯ ಹತ್ತಿರ ಇರಬೇಕು. ಸಾವಿರಗಟ್ಟಲೆ ಇದ್ದರೆ ವಾಪಸ್ ತಗೊಂಡು ಹೋಗಿ. 1 ಟಿಬಿ ಕೊಂಡದ್ದಕ್ಕೆ ವಿಂಡೋಸ್ 931 ಜಿಬಿ ತೋರಿಸಿದರೆ ಅಂಗಡಿಯವರ ಜೊತೆ ಜಗಳ ಬೇಡ, ಅದು ಎಣಿಕೆಯ ಪದ್ಧತಿಯ ವ್ಯತ್ಯಾಸ. ಆದರೆ ಒಂದೆರಡು ಸಾವಿರಕ್ಕೆ '16 ಟಿಬಿ' ಅಂತ ಆನ್‌ಲೈನಿನಲ್ಲಿ ಬರುವ ಹೊರಗಡೆ ಚುಚ್ಚುವ ಎಸ್‌ಎಸ್‌ಡಿ ಇದೆಯಲ್ಲ, ಅದು ಶುದ್ಧ ಮೋಸ. ಒಳಗೆ ಸಣ್ಣ ಮೆಮೊರಿ ಕಾರ್ಡು ಇಟ್ಟು ದೊಡ್ಡ ಸಂಖ್ಯೆ ಹೇಳುವಂತೆ ಮಾಡಿರುತ್ತಾರೆ. ಕಾಪಿ ಆದಂತೆ ಕಾಣುತ್ತದೆ, ತೆರೆದರೆ ಏನೂ ಇರಲ್ಲ. ಅನುಮಾನ ಬಂದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ತಂತ್ರಾಂಶ ಪೂರ್ತಿ ಬರೆದು, ಓದಿ ಪರೀಕ್ಷಿಸುತ್ತದೆ.

ಆಮೇಲೆ ಆಗಾಗ ನೋಡಬೇಕಾದ ಸಾಲು ಎರಡು. 'ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಸೊನ್ನೆ ಇರಲಿ. 'ಅವೇಲಬಲ್ ಸ್ಪೇರ್' 100ರಿಂದ ಇಳಿಯದಿರಲಿ. ಇವೆರಡೂ ಚೆನ್ನಾಗಿದ್ದೂ ಡ್ರೈವ್ ನಾಳೆ ಸಾಯಬಹುದು, ಅದು ಗೊತ್ತಿರಲಿ. ಕಂಟ್ರೋಲರ್ ಕೈಕೊಟ್ಟರೆ ವರದಿ ಬರೆಯುವವರೇ ಇರುವುದಿಲ್ಲ.

'ವಾರಂಟಿಯಲ್ಲಿ ಹೊಸದು ಕೊಡ್ತಾರಲ್ಲ?' ಡ್ರೈವ್ ಕೊಡುತ್ತಾರೆ. ಫೋಟೋ ಕೊಡುವುದಿಲ್ಲ. ಹಳೆಯದನ್ನು ನಿಮ್ಮ ಫೈಲುಗಳ ಸಮೇತ ಅವರೇ ಇಟ್ಟುಕೊಳ್ಳುತ್ತಾರೆ. ಸತ್ತ ಎಸ್‌ಎಸ್‌ಡಿಯಿಂದ ಫೈಲು ತೆಗೆಸೋದು ಹಾರ್ಡ್ ಡಿಸ್ಕಿಗಿಂತ ಕಷ್ಟ, ದುಬಾರಿ. ಅಳಿಸಿಹೋದ ಫೈಲಂತೂ ಬಹುತೇಕ ಬರುವುದೇ ಇಲ್ಲ. ಅಳಿಸಿದ್ದನ್ನು ವಿಂಡೋಸ್ ಡ್ರೈವ್‌ಗೆ ತಿಳಿಸುತ್ತದೆ, ಡ್ರೈವ್ ಆ ಜಾಗವನ್ನು ಗುಡಿಸಿಬಿಡುತ್ತದೆ. ಎಷ್ಟೇ ಒಳ್ಳೆಯ ಡ್ರೈವ್ ಕೊಂಡರೂ ಇನ್ನೊಂದು ಕಡೆ ಪ್ರತಿ ಇರಲೇಬೇಕು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ: 'ಹಾಗಾದ್ರೆ ಇನ್ನೊಂದು ಎಸ್‌ಎಸ್‌ಡಿ ತಂದು, ಕಾಪಿ ಮಾಡಿ, ಬೀರುವಿನಲ್ಲಿ ಇಟ್ಟುಬಿಡ್ಲಾ?'

ಬೇಡಮ್ಮ. ಎಸ್‌ಎಸ್‌ಡಿಗೆ ವರ್ಷಗಟ್ಟಲೆ ಕರೆಂಟು ಕೊಡದೆ ಇಟ್ಟರೆ ಕೋಶದಲ್ಲಿರುವ ಚಾರ್ಜು ನಿಧಾನಕ್ಕೆ ಸೋರುತ್ತದೆ. ಉದ್ಯಮದ ಮಾನದಂಡವೇ ಹೇಳುವಂತೆ, ಪೂರ್ತಿ ಸವೆದ ಮನೆ ಬಳಕೆಯ ಡ್ರೈವ್ 30 ಡಿಗ್ರಿಯಲ್ಲಿ ಒಂದು ವರ್ಷ ಹಿಡಿದಿಟ್ಟುಕೊಂಡರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಆದರೂ ಬೀರುವಿನ ಕೆಲಸಕ್ಕೆ ಅದು ತಕ್ಕದ್ದಲ್ಲ. ಎಸ್‌ಎಸ್‌ಡಿ ಹಾಕಿಸುವಾಗ ಲ್ಯಾಪ್‌ಟಾಪಿನಿಂದ ತೆಗೆದ ಹಳೇ ಹಾರ್ಡ್ ಡಿಸ್ಕ್ ಇರುತ್ತಲ್ಲ, ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದನ್ನೂ ಇದೇ ತಂತ್ರಾಂಶದಲ್ಲಿ ನೋಡಿ. 'ರೀಅಲೊಕೇಟೆಡ್ ಸೆಕ್ಟರ್ಸ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್ಸ್' ಎರಡೂ ಸೊನ್ನೆ ಇದ್ದರೆ, ಕೆಲವೇ ನೂರು ರೂಪಾಯಿಗೆ ಯುಎಸ್‌ಬಿ ಕೇಸ್ ಸಿಗುತ್ತದೆ, ಅದರಲ್ಲಿ ಕೂರಿಸಿ. ತಿಂಗಳಿಗೊಮ್ಮೆ ಕಾಪಿ ಮಾಡಿ. ಆದ ಮೇಲೆ ಕೇಬಲ್ ಕಿತ್ತಿಡಿ. ಚುಚ್ಚಿಯೇ ಬಿಟ್ಟರೆ ವೈರಸ್ ಬಂದ ದಿನ ಎರಡೂ ಒಟ್ಟಿಗೆ ಹೋಗುತ್ತವೆ.